ತಿರುವಿನಲ್ಲಿ ತುಂಡಾದ ಮಾತು

ಒಮಾನಿನಲ್ಲಿ ನೀರು ಹೆಪ್ಪುಗಟ್ಟುತ್ತದೆ ಎಂದರೆ ಮಂಗಳೂರಿನ ನಮ್ಮ ಮನೆಯವರು ಈಗಲೂ ನಂಬುವುದಿಲ್ಲ. ಮಸ್ಕತಿನಲ್ಲಿ ಇರುವವರೇ ನಂಬುವುದು ಕಷ್ಟ. ಡಿಸೆಂಬರಿನಲ್ಲೂ ಏಸಿ ಹಾಕಿ ಮಲಗುವ ಜನ ನಾವು. ನಮ್ಮ ತಂಡದ ಮುಂದಾಳು ಮಸ್ಕತಿನ ಹಮ್ರಿಯಾ ಬಡಾವಣೆಯ ಅಂಗಡಿಯೊಂದರಲ್ಲಿ ಉಣ್ಣೆಯ ಕೈಗವಸು ಕೇಳಿದಾಗ ಅಂಗಡಿಯವನು, ಯಾವ ದೇಶಕ್ಕೆ ಹೊರಟಿದ್ದೀರಿ ಎಂದು ಕೇಳಿದ್ದನಂತೆ. ಇದ್ದ ಒಂದೇ ಜೊತೆ ಅವರ ಕೈಗಿಂತ ದೊಡ್ಡದಾಗಿತ್ತು. ಅದನ್ನೇ ತಂದಿದ್ದರು. ಆ ಕೈಗವಸು ಈ ಕಥನದಲ್ಲಿ ಮತ್ತೆ ಬರುತ್ತದೆ.

ನಾವು ಹೋದದ್ದು ಒಮಾನಿನ ಬೆಟ್ಟಗಳ ಮೇಲಿನ ಎತ್ತರದ ಪ್ರಸ್ಥಭೂಮಿಗೆ. ಅಲ್ಲಿ ಮರಳಿಲ್ಲ. ಬೂದು ಬಣ್ಣದ ಕಲ್ಲು, ಅಲ್ಲೊಂದು ಇಲ್ಲೊಂದು ತಿರುಚಿಕೊಂಡ ಜುನಿಪರ್ ಮರ, ಒಡೆದ ಗಾಜಿನಂತೆ ಚುಚ್ಚುವ ಗಾಳಿ, ಅಷ್ಟೆ. ಮಳೆ ಬೀಳುವುದು ಅಪರೂಪ. ಮೇಲಿನ ಹಳ್ಳಿಗಳಿಗೆ ಕುಡಿಯುವ ನೀರನ್ನು ಟ್ಯಾಂಕರ್‌ಗಳು ಹೊತ್ತು ತರುತ್ತವೆ. ಜನವರಿಯ ಆ ಬೆಳಿಗ್ಗೆ ನಾವು ಡೇರೆಯಿಂದ ಹೊರಬಂದಾಗ ಗಾಡಿಗಳ ಮುಂಗಾಜಿನ ಮೇಲೆ ಬಿಳಿ ಪೊರೆ ಕಟ್ಟಿತ್ತು. ನಾನು ಬ್ಯಾಂಕಿನ ಕಾರ್ಡಿನಿಂದ ಅದನ್ನು ಕೆರೆಯುತ್ತಿದ್ದೆ. ಬೆರಳ ತುದಿಗಳು ನನ್ನವು ಅನ್ನಿಸುತ್ತಿರಲಿಲ್ಲ.

ನಾನು ಮಸ್ಕತಿನ ಅಲ್ ಖೌದ್‌ನ ಒಂದು ಸಣ್ಣ ಪ್ರವಾಸ ಸಂಸ್ಥೆಯಲ್ಲಿ ಹಿಂಬದಿಯ ಗಾಡಿ ಓಡಿಸುವವಳು. ನಮ್ಮದು ಅತಿಥಿಗಳನ್ನು ಕೂರಿಸಿಕೊಂಡು ಹೋಗುವ ಪ್ರವಾಸವಲ್ಲ. ಅವರ ಗಾಡಿಯನ್ನು ಅವರೇ ಓಡಿಸುತ್ತಾರೆ. ಮುಂದೆ ಮುಂದಾಳು, ನಡುವೆ ಅತಿಥಿಗಳು, ಕೊನೆಯಲ್ಲಿ ನಾನು. ನನ್ನ ಗಾಡಿಯ ಮೂತಿಯಲ್ಲಿ ವಿಂಚ್ ಇದೆ. ಅಂದರೆ, ಮೋಟಾರಿನಿಂದ ಹಗ್ಗ ಸುತ್ತಿಕೊಂಡು ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ರಾಟೆ. ಯಾರಾದರೂ ಸಿಕ್ಕಿಹಾಕಿಕೊಂಡರೆ ಎಳೆಯುವುದು ನನ್ನ ಕೆಲಸ. ಗಾಡಿಗಳ ನಡುವೆ ಮಾತಿಗೆ ವಾಕಿಟಾಕಿ. ಆ ಬೆಟ್ಟದ ಮಡಿಕೆಗಳಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ.

ಆ ಸಲ ಬರಬೇಕಿದ್ದ ಉಳಿದ ಕುಟುಂಬಗಳು ಚಳಿಯ ಸುದ್ದಿ ಕೇಳಿ ಹಿಂದೆ ಸರಿದಿದ್ದವು. ಉಳಿದದ್ದು ಮೈಸೂರಿನ ಒಂದು ದಂಪತಿ ಮಾತ್ರ. ಗಂಡ ಮಸ್ಕತಿನ ರೂವಿಯ ಒಂದು ಕಚೇರಿಯಲ್ಲಿ ದೊಡ್ಡ ಹುದ್ದೆಯವರು. ಹೊಸ ಫೋರ್ ಬೈ ಫೋರ್ ಕೊಂಡಿದ್ದರು. ಅದು ಅಲ್ಲಿಯವರೆಗೆ ಕಚೇರಿಯ ಪಾರ್ಕಿಂಗ್ ಬಿಟ್ಟು ಬೇರೇನನ್ನೂ ಕಂಡಿರಲಿಲ್ಲ. ಹೆಂಡತಿ ಶಾಲೆಯಲ್ಲಿ ಗಣಿತ ಕಲಿಸುವವರು, ಮಿತಭಾಷಿ. ನಮ್ಮ ಮುಂದಾಳು ಬಾಗಲಕೋಟೆಯ ಕಡೆಯವರು. ವಾರವಿಡೀ ಒಂದು ವರ್ಕ್‌ಶಾಪಿನ ಮೇಲ್ವಿಚಾರಕರು, ರಜಾದಿನಗಳಲ್ಲಿ ನಮ್ಮ ಮುಂದಾಳು.

ಈ ಇಬ್ಬರು ಗಂಡಸರಿಗೂ ಮೊದಲ ಗಂಟೆಯಿಂದಲೇ ಆಗಿಬರಲಿಲ್ಲ. ಕಾರಣ ಹೇಳುವುದು ಕಷ್ಟ. ಕೆಲವರಿಗೆ ಇನ್ನೊಬ್ಬರ ದನಿಯೇ ಆಗದು.

ಆ ಬೆಳಿಗ್ಗೆ ಜಗಳ ಟೈರಿನ ಗಾಳಿಯಿಂದ ಶುರುವಾಯಿತು. ಕಲ್ಲಿನ ಹಾದಿಗೆ ಟೈರನ್ನು ಸ್ವಲ್ಪ ಮೆತ್ತಗೆ ಮಾಡಬೇಕು, ಆಗ ಅದು ಕಲ್ಲಿಗೆ ಅಪ್ಪಿಕೊಳ್ಳುತ್ತದೆ.

“ಸರ, ಗಾಳಿ ಇನ್ನೊಂದೀಟು ಇಳಸ್ರಿ” ಎಂದರು ಮುಂದಾಳು.

“ರಾತ್ರಿ ಚಳಿಗೇ ಇಳಿದಿದೆ ಕಣ್ರೀ, ಸ್ಕ್ರೀನಲ್ಲಿ ಕಾಣ್ತಿದೆ. ಇನ್ನೂ ಇಳಿಸಿ ರಿಮ್ ಹೋದ್ರೆ ನಿಮ್ಮಪ್ಪ ಕೊಡಿಸ್ತಾರಾ?”

“ನಮ್ಮಪ್ಪ ಎತ್ತಿನ ಗಾಡಿ ಕೊಡಸ್ತಿದ್ದ ಬಿಡ್ರಿ. ಅದಕ್ಕ ಗಾಳಿನ ಬೇಕಾಗಿಲ್ಲ.”

ಹೆಂಡತಿ ಆ ಕಡೆ ತಿರುಗಿ ನಕ್ಕರು. ಗಂಡನಿಗೆ ಅದು ಕಾಣಿಸಿತು. ಗಾಳಿ ಇಳಿಸಲಿಲ್ಲ.

ಪ್ರಸ್ಥಭೂಮಿಯ ಅಂಚಿನಿಂದ ಕೆಳಗೊಂದು ಹಳೆಯ ಕಲ್ಲಿನ ಊರಿಗೆ ಇಳಿಯುವ ಹಾದಿ ನಮ್ಮ ಆ ದಿನದ ಗುರಿ. ಒಂದೇ ಗಾಡಿಯ ಅಗಲ. ಎಡಕ್ಕೆ ಬೆಟ್ಟದ ಗೋಡೆ, ಬಲಕ್ಕೆ ಏನೂ ಇಲ್ಲ. ಇಂಥ ಇಳಿಜಾರಿನಲ್ಲಿ ಗೇರನ್ನು ಲೋ ರೇಂಜ್‌ಗೆ ಹಾಕಿ, ಮೊದಲನೆಯದರಲ್ಲೇ ಬಿಟ್ಟುಬಿಡಬೇಕು. ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಹೆಜ್ಜೆಹೆಜ್ಜೆಯಾಗಿ ಇಳಿಸುತ್ತದೆ. ಹೆದರಿ ಬ್ರೇಕಿನ ಮೇಲೆ ನಿಂತರೆ ಚಕ್ರ ಉರುಳುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ಹೊಸಬರೆಲ್ಲ ಮಾಡುವ ತಪ್ಪು ಇದೇ. ಮೈಸೂರಿನವರೂ ಮಾಡುತ್ತಿದ್ದರು. ಹಿಂದಿನಿಂದ ನನಗೆ ಅವರ ಗಾಡಿಯ ಬ್ರೇಕಿನ ಕೆಂಪು ದೀಪ ಹತ್ತಿಯೇ ಇರುವುದು ಕಾಣುತ್ತಿತ್ತು.

ಹಾಗಾಗಿ ಅಂದು ಬೆಳಿಗ್ಗೆ ವಾಕಿಟಾಕಿಯಲ್ಲಿ ಹೆಚ್ಚು ಕೇಳಿದ ಮಾತು ಒಂದೇ: “ಬ್ರೇಕ್ ಬಿಡ್ರಿ.”

ಹೆಚ್ಚುಕಡಿಮೆ ಆ ಮಾತು. ಮುಂದಾಳಿನ ಹೆಬ್ಬೆರಳು ಆ ದೊಗಳೆ ಕೈಗವಸಿನೊಳಗೆ ಬಟನ್ನಿನ ಮೇಲೆ ನಿಲ್ಲುತ್ತಿರಲಿಲ್ಲ. ಮಾತು ಮುಗಿಯುವ ಮೊದಲೇ ಬಟನ್ ಬಿಟ್ಟುಹೋಗಿ ಮಾತಿನ ಬಾಲ ತುಂಡಾಗುತ್ತಿತ್ತು. “ಬ್ರೇಕ್ ಬಿಡ್...” “ಎಡಕ್ಕ ಹಿಡ್...” “ನಿಧಾನ ಬರ್...” ಬಾಲವನ್ನು ನಾವು ನಾವೇ ಸೇರಿಸಿಕೊಳ್ಳುತ್ತಿದ್ದೆವು. ಯಾರಿಗೂ ಅದು ತೊಂದರೆ ಅನ್ನಿಸಲಿಲ್ಲ, ತಮಾಷೆಯಾಗಿತ್ತು. ಒಮ್ಮೆ ಹೆಂಡತಿಯೇ ವಾಕಿಟಾಕಿ ಎತ್ತಿಕೊಂಡು, “ಆಯ್ತು, ಬರ್!” ಎಂದು ಅಣಕಿಸಿದರು. ಮುಂದಾಳು ನಕ್ಕಿದ್ದು ಕೇಳಿಸಿತು.

ಗಂಡ ನಗಲಿಲ್ಲ. “ರೀ, ಸ್ವಲ್ಪ ಅರ್ಥ ಆಗೋ ಕನ್ನಡದಲ್ಲಿ ಹೇಳಿ. ನಿಮಗೆ ಸಬ್‌ಟೈಟಲ್ ಹಾಕಕ್ಕೆ ಯಾರೂ ಇಲ್ಲ ಇಲ್ಲಿ.”

“ಮಾತು ಬೆಣ್ಣಿ ಇದ್ರ ಸಾಲಂಗಿಲ್ಲ ಸರ, ಕಾಲೂ ಹಗುರ ಇರಬೇಕು. ಬ್ರೇಕ್ ಬಿಡ್...”

ಕೆಂಪು ದೀಪ ಆರಲಿಲ್ಲ. ಹಠಕ್ಕೇ ಆರಲಿಲ್ಲ ಎಂದು ನನಗನ್ನಿಸಿತು.

ಆ ತಿರುವು ಬಂದದ್ದು ಹಾದಿಯ ಅರ್ಧದಲ್ಲಿ. ಹಾದಿ ಬಂಡೆಯ ಭುಜವನ್ನು ಸುತ್ತಿ ಎಡಕ್ಕೆ ಹೊರಳುತ್ತದೆ. ಅಲ್ಲಿಗೆ ಬೆಳಗಿನ ಬಿಸಿಲು ಬೀಳುವುದಿಲ್ಲ. ಹಿಂದಿನ ದಿನ ಯಾವುದೋ ಟ್ಯಾಂಕರ್ ಅಲ್ಲಿ ಸೋರಿತ್ತೋ ಏನೋ, ಕಲ್ಲಿನ ಮೇಲೆ ಹರಿದ ನೀರು ರಾತ್ರಿ ಹೆಪ್ಪುಗಟ್ಟಿ ತೆಳು ಪದರವಾಗಿತ್ತು. ದೂರದಿಂದ ಅದು ಬರೀ ಒದ್ದೆ ಕಲ್ಲಿನಂತೆ ಕಾಣುತ್ತಿತ್ತು. ಮುಂದಾಳಿನ ಗಾಡಿ ಹೇಗೋ ದಾಟಿತು, ಹಿಂಭಾಗ ಒಮ್ಮೆ ಅಲುಗಿತು. ಅವರು ತಿರುವಿನಾಚೆ ನಿಲ್ಲಿಸಿದರು. “ಎಲ್ಲಾರೂ ನಿಲ್ರಿ. ಹಿಮ ಐತಿ.” ಅಷ್ಟು ಹೊತ್ತಿಗೆ ಮೈಸೂರಿನವರ ಗಾಡಿಯ ಮುಂದಿನ ಎರಡೂ ಚಕ್ರ ಆ ಪದರದ ಮೇಲೆ ಬಂದಾಗಿತ್ತು. ನಿಂತರು.

ಮುಂದಾಳು ನಡೆದು ಹಿಂದಕ್ಕೆ ಬಂದು, ಗಾಡಿಯನ್ನು ದಾಟಿ, ಹಾದಿಯಂಚಿನ ಒಂದು ಬಂಡೆ ಹತ್ತಿ ನಿಂತು ಚಕ್ರಗಳನ್ನು ನೋಡಿದರು. ಆಮೇಲೆ ನನಗೆ ಕೂಗಿದರು: “ತಂಗಿ, ವಿಂಚ್ ಹಗ್ಗ ತಗೊಂಡು ಬಾ. ಹಿಂದಿನಿಂದ ಕಟ್ಟಿ ಹಿಡದ ಮ್ಯಾಲ ಇಳಸೋಣ.”

ಸರಿಯಾದ ನಿರ್ಧಾರ. ಈಗಲೂ ಹಾಗೇ ಹೇಳುತ್ತೇನೆ. ನಾನು ಮೇಲೆ ಬಿಸಿಲು ಬಿದ್ದ ಒಣ ಕಲ್ಲಿನ ಮೇಲೆ ಗಾಡಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹಗ್ಗದ ಕೊಕ್ಕೆ ಹಿಡಿದು ಇಳಿದು ಬಂದೆ. ವಾಕಿಟಾಕಿ ನನ್ನ ಎಡಭುಜದ ಪಟ್ಟಿಗೆ ಸಿಕ್ಕಿಸಿತ್ತು. ಮುಂದಾಳು ನನ್ನ ಬಲಕ್ಕೆ, ಕೈ ಚಾಚಿದರೆ ಸಿಗುವಷ್ಟಲ್ಲ, ಆದರೆ ಅವರ ಉಸಿರಿನ ಹಬೆ ಕಾಣುವಷ್ಟು ಹತ್ತಿರ. ಅವರಿಂದಾಚೆ ಕೆಳಗೆ ಮೈಸೂರಿನವರ ಗಾಡಿ. ಚಳಿಗೆ ಗಾಜೆಲ್ಲ ಏರಿಸಿ ಹೀಟರ್ ಹಾಕಿಕೊಂಡಿದ್ದರು. ಹೊರಗಿನ ಕೂಗು ಒಳಗೆ ಕೇಳುವಂತಿರಲಿಲ್ಲ.

ಆಗ ಕೆಂಪು ದೀಪ ಒಮ್ಮೆ ಮಿಣುಕಿತು. ಕಾಲು ಜೋಮು ಹಿಡಿದು ಅವರು ಪಾದ ಸರಿಸಿಕೊಂಡಿರಬೇಕು. ಮುಂದಾಳು ಅದನ್ನು ನೋಡಿದರು. ವಾಕಿಟಾಕಿಯನ್ನು ಬಾಯಿಗೆ ತಂದು ಜೋರಾಗಿ ಹೇಳಿದರು.

ನನ್ನ ಬಲಗಿವಿಗೆ ಅವರ ಬಾಯಿಂದ ಬಂದದ್ದು: “ಸರ, ಬ್ರೇಕ್ ಬಿಡಬ್ಯಾಡ್ರಿ!”

ನನ್ನ ಎಡಗಿವಿಗೆ ಭುಜದ ವಾಕಿಟಾಕಿಯಿಂದ ಬಂದದ್ದು: “ಸರ, ಬ್ರೇಕ್ ಬಿಡ...”

ಕೆಂಪು ದೀಪ ಆರಿತು.

ಬೆಳಗಿನಿಂದ ಆ ಮನುಷ್ಯ ಮುಂದಾಳಿನ ಮಾತನ್ನು ತಕ್ಷಣ ಪಾಲಿಸಿದ್ದು ಅದೊಂದೇ ಸಲ.

ಗಾಡಿ ಸದ್ದಿಲ್ಲದೆ ಹೊರಟಿತು. ನನಗೆ ಅದೇ ಹೆಚ್ಚು ನೆನಪಾಗುವುದು. ಎಂಜಿನ್ ಹಿಡಿದ ಸದ್ದಿಲ್ಲ, ಟೈರ್ ಕಿರುಗುಟ್ಟಲಿಲ್ಲ. ಮೂತಿ ಎಡಕ್ಕೆ ಬಂಡೆಯ ಕಡೆ ತಿರುಗಿತು, ಬಾಲ ಬಲಕ್ಕೆ ಬೀಸಿತು. ಬಲಗಡೆಯ ಹಿಂದಿನ ಚಕ್ರ ಅಂಚಿನಲ್ಲಿ ಜೋಡಿಸಿದ್ದ ಕಲ್ಲುಗಳನ್ನು ತಳ್ಳಿಕೊಂಡು ಹೊರಗೆ ಇಳಿಯಿತು. ಗಾಡಿಯ ಹೊಟ್ಟೆ ಕಲ್ಲಿಗೆ ತಾಗಿದ ಸದ್ದು ಬಂತು. ದೀಪ ಮತ್ತೆ ಕೆಂಪಾಯಿತು. ನಿಂತಿತು. ತಳ್ಳಿದ ಕಲ್ಲುಗಳು ಕೆಳಗೆ ಬೀಳುತ್ತಲೇ ಇದ್ದವು. ಆ ಸದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಒಮಾನಿನ ಗಾಡಿಗಳಲ್ಲಿ ಸ್ಟೀರಿಂಗ್ ಎಡಕ್ಕೆ. ಹೆಂಡತಿ ಕುಳಿತಿದ್ದದ್ದು ಬಲಗಡೆ. ಅವರ ಬಾಗಿಲ ಕೆಳಗೆ ನೆಲವಿರಲಿಲ್ಲ.

ಆಮೇಲೆ ನಡೆದದ್ದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹೀಗೆಯೇ. ಇಬ್ಬರೂ ವಾಕಿಟಾಕಿಯಲ್ಲಿ ಜಗಳಕ್ಕೆ ನಿಂತರು. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಅದರಲ್ಲಿ ಯಾರ ಮಾತೂ ಕೇಳುವುದಿಲ್ಲ, ಕೀರಲು ಸದ್ದು ಮಾತ್ರ. ನಡುನಡುವೆ ತುಣುಕುಗಳು. “...ಬಿಡಿ ಅಂದ್ರಲ್ರೀ ನೀವೇ...” “...ಕಿವಿ ಎಲ್ಲಿ ಇಟ್ಟೀರಿ...” “...ಸಾಯ್ಸೋಕೆ ಕರ್ಕೊಂಡು ಬಂದ್ರಾ...” ಅಷ್ಟರಲ್ಲಿ ಕೆಳಗಿನಿಂದ ಒಂದು ಹಳೆಯ ಪಿಕಪ್ ಏರಿಬಂದು ಮುಂದಾಳಿನ ಗಾಡಿಯ ಎದುರು ನಿಂತು ಹಾರ್ನ್ ಹೊಡೆಯತೊಡಗಿತು. ತುಂಬ ಗ್ಯಾಸ್ ಸಿಲಿಂಡರು, ಆಡುಗಳಿಗೆ ಹುಲ್ಲಿನ ಕಟ್ಟು. ಮೇಲಿನ ಹಳ್ಳಿಯ ಒಮಾನಿ. ನಡೆದು ಬಂದವನೇ ನಮ್ಮ ಮೇಲೆ ಹರಿಹಾಯ್ದ.

“ಮಜ್ನೂನ್! ತುಮ್ ಲೋಗ್ ಇಧರ್ ಕಾಯ್ಕೋ ಆತಾ? ಠಂಡ್ ಕಾ ಫೋಟೋ ನಿಕಾಲ್ನೇ?”

ಹುಚ್ಚರು, ಚಳಿಯ ಫೋಟೋ ತೆಗೆಯಲು ಇಲ್ಲಿಗೆ ಬರುತ್ತೀರಾ ಎಂದು ಬೈದದ್ದು ತಪ್ಪಲ್ಲ. ಅವನ ಹಾದಿಯನ್ನು ನಾವು ಮುಚ್ಚಿದ್ದೆವು. ಆದರೆ ಬೈಯುತ್ತಲೇ ತಿರುವು ದಾಟಿ ಬಂದವನಿಗೆ ಗಾಡಿಯ ಸ್ಥಿತಿ ಕಾಣಿಸಿತು. ಅದೇ ಕ್ಷಣ ಗಂಡ ತಮ್ಮ ಕಡೆಯ ಬಾಗಿಲು ತೆರೆದು ಒಂದು ಕಾಲು ಹೊರಗೆ ಇಡುತ್ತಿದ್ದರು. ಕಾಲಿಟ್ಟು ಎದ್ದರೆ ಬ್ರೇಕ್ ಹೋಯಿತು. ಬ್ರೇಕ್ ಹೋದರೆ ಒಳಗೆ ಉಳಿದವರು ಹೋದರು.

ನಾನು ಬಾಯಿ ತೆರೆದೆ. “ಸರ್, ಕೆಳಗೆ ಇಳಿ...” ಎಂಬಲ್ಲಿಗೆ ಬರುವಷ್ಟರಲ್ಲಿ ಒಮಾನಿ ಕೂಗಿದ್ದ:

“ಲಾ! ಲಾ! ಲಾ ತಿನ್ಜಿಲ್!”

ಇಳಿಯಬೇಡ. ಗಂಡನಿಗೆ ಅರಬ್ಬಿ ಬರುವುದಿಲ್ಲ. ಆದರೆ ಗಲ್ಫಿಗೆ ಬಂದ ಯಾರಿಗಾದರೂ ‘ಲಾ’ ಗೊತ್ತು. ಏನು ಬೇಡ ಎಂದು ತಿಳಿಯುವ ಮೊದಲೇ ಅವರು ಹೆಪ್ಪುಗಟ್ಟಿದವರಂತೆ ಕುಳಿತಲ್ಲೇ ಉಳಿದರು.

ನನ್ನ ಮಾತು ಬಾಯಲ್ಲೇ ಉಳಿಯಿತು. ನಮ್ಮ ಭಾಷೆಯಲ್ಲಿ ‘ಬೇಡ’ ಬರುವುದು ಕೊನೆಗೆ. ಇಳಿಯ-ಬೇಡಿ. ಬಿಡ-ಬೇಡಿ. ಮಾತು ಅರ್ಧಕ್ಕೆ ಕತ್ತರಿಸಿದರೆ ಕೈಯಲ್ಲಿ ಉಳಿಯುವುದು ತಡೆಯಬೇಕಾದ ಕೆಲಸವೇ. ಕುಳಿತು ಯೋಚಿಸಿ ಕಂಡುಕೊಂಡದ್ದಲ್ಲ ಇದು. ಎರಡು ಕಿವಿಯಲ್ಲಿ ಎರಡು ಮಾತು ಕೇಳಿದ್ದು ಮತ್ತು ಈ ‘ಲಾ’, ಎರಡೂ ಒಟ್ಟಿಗೆ ಬಂದು ಬಡಿದವು. ಅಲ್ಲಿಯೇ ತೀರ್ಮಾನಿಸಿದೆ: ಇನ್ನು ವಾಕಿಟಾಕಿ ಬೇಡ, ಮುಂದಾಳಿನ ದನಿ ಬೇಡ, ಬೇಡ ಎನ್ನುವ ಮಾತೇ ಬೇಡ.

“ಅಣ್ಣ, ನೀವು ವಿಂಚಿಗೆ ಹೋಗಿ. ನಾನು ಅವರ ಹತ್ತಿರ ಮಾತಾಡ್ತೇನೆ.”

“ನೀ? ನಾ ಮುಂದಾಳ ಅದೇನಿ.”

“ನೀವು ಎಂತ ಹೇಳಿದ್ರೂ ಆ ಮನುಷ್ಯ ಈಗ ತಿರುಗಿಸಿ ಮಾಡುದು ಮಾರಾಯ್ರೆ. ಹೋಗಿ. ನನ್ನ ಕೈ ನೋಡ್ತಾ ಇರಿ. ಮುಷ್ಟಿ ಎತ್ತಿದ್ರೆ ನಿಲ್ಲಿಸಿ, ಅಂಗೈ ಬೀಸಿದ್ರೆ ಎಳೀರಿ.”

ಅವರು ನನ್ನ ಮುಖ ನೋಡಿದರು. ಸಿಟ್ಟಿತ್ತು ಆ ನೋಟದಲ್ಲಿ. ಕೈಗವಸು ಕಿತ್ತು ನೆಲಕ್ಕೆಸೆದು ಮೇಲೆ ಹತ್ತಿದರು.

ನಾನು ಬಂಡೆಯ ಬದಿ ಹಿಡಿದು ಗಾಡಿಯ ಎಡ ಬಾಗಿಲಿಗೆ ಬಂದೆ. ಬೂಟು ಎರಡು ಸಲ ಜಾರಿತು. ಗಂಡನ ಮುಖ ಬೂದಿ ಬಳಿದಂತಿತ್ತು. ಬಲಗಾಲು ಬ್ರೇಕಿನ ಮೇಲೆ ನಡುಗುತ್ತಿತ್ತು, ಆ ನಡುಕಕ್ಕೆ ಗಾಡಿಯೂ ನಡುಗುತ್ತಿತ್ತು. ಗೇರಿನ ಕೋಲು ನ್ಯೂಟ್ರಲ್‌ನಲ್ಲಿತ್ತು. ಆಗ ಅರ್ಥವಾಯಿತು ಗಾಡಿ ಯಾಕೆ ಸದ್ದಿಲ್ಲದೆ ಹೊರಟಿತೆಂದು. ರೂವಿಯ ಸಿಗ್ನಲ್ಲಿನಲ್ಲಿ ನಿಂತಾಗ ಮಾಡುವಂತೆ ಇಲ್ಲಿಯೂ ಕಾಯುವಾಗ ನ್ಯೂಟ್ರಲ್ ಮಾಡಿಕೊಂಡಿದ್ದರು. ಎಂಜಿನ್ನಿನ ಹಿಡಿತ ಇರಲಿಲ್ಲ. ಈಗ ಪಾರ್ಕಿಗೆ ಹಾಕಿದರೂ, ಹ್ಯಾಂಡ್‌ಬ್ರೇಕ್ ಹಾಕಿದರೂ ನಂಬುವಂತಿರಲಿಲ್ಲ. ಒಂದು ಚಕ್ರ ಗಾಳಿಯಲ್ಲಿ ನೇತಾಡುವಾಗ, ಉಳಿದವು ಹಿಮದ ಮೇಲಿರುವಾಗ, ಅವು ಯಾವುದನ್ನು ಹಿಡಿದಾವು? ಹಗ್ಗ ಬಿಗಿಯಾಗುವವರೆಗೆ ಗಾಡಿಯನ್ನು ಹಿಡಿದಿದ್ದದ್ದು ಆ ಕಾಲು ಮಾತ್ರ.

“ಕಾಲು ತೆ—” ಎಂದವಳು ನುಂಗಿಕೊಂಡೆ. “ಸರ್, ಕಾಲು ಒತ್ತಿ ಹಿಡೀರಿ. ಹೀಗೇ. ಒತ್ತಿ ಹಿಡೀರಿ.”

“ಆ ನನ್ಮಗ ಬಿಡಿ ಅಂದ. ನೀವೂ ಕೇಳಿದ್ರಿ. ಬಿಡಿ ಅಂದ.”

“ಒತ್ತಿ ಹಿಡೀರಿ.”

“ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ. ನಿಮ್ಮ ಕಂಪನಿಗೆ...”

“ರೀ.” ಗಾಡಿ ಜಾರಿದ ಮೇಲೆ ಹೆಂಡತಿ ಮೊದಲ ಬಾರಿ ಬಾಯಿ ತೆರೆದರು. ಅವರು ಬಲಗಡೆಯ ಕಿಟಕಿಯತ್ತ ತಿರುಗಿರಲೇ ಇಲ್ಲ, ಕತ್ತನ್ನು ಈ ಕಡೆಯೇ ಇಟ್ಟುಕೊಂಡು ಕುಳಿತಿದ್ದರು. “ಬಾಯ್ಮುಚ್ಕೊಂಡು ಕಾಲು ಒತ್ತಿ. ಮೇಡಂ, ನೀವು ಹೇಳಿ. ನಾನು ಕೇಳ್ತೀನಿ.”

ಒಮಾನಿ ಯಾರೂ ಕೇಳದೆಯೇ ಕಲ್ಲು ಹೊತ್ತು ತಂದು ಮುಂದಿನ ಚಕ್ರಗಳಿಗೆ ಅಡ್ಡ ಇಡುತ್ತಿದ್ದ. ಇಡುವಾಗಲೂ ಬೈಯುತ್ತಿದ್ದ. ನಾನು ಹಿಂದಕ್ಕೆ ಹೋಗಿ, ಹಿಮದ ಮೇಲೆ ಮಲಗಿ, ಎಡಬದಿಯ ಚಾಸಿಯ ಕೊಂಡಿಗೆ ಹಗ್ಗ ಸಿಕ್ಕಿಸಿದೆ. ಕೊಕ್ಕೆಯ ತಿರುಪು ಬೆರಳಿಗೆ ಅಂಟಿಕೊಳ್ಳುತ್ತಿತ್ತು. ನನ್ನ ಕಣ್ಣಿನ ಮಟ್ಟದಲ್ಲಿ, ಗಾಡಿಯ ಹೊಟ್ಟೆಯ ಕೆಳಗಿನಿಂದ, ಆಚೆಯ ಆಕಾಶ ಕಾಣುತ್ತಿತ್ತು. ಹಗ್ಗದ ಮೇಲೆ ನನ್ನ ಜಾಕೆಟ್ ಹೊದಿಸಿದೆ, ತುಂಡಾದರೆ ಚಾಟಿಯಂತೆ ಬೀಸದಿರಲೆಂದು. ಅಂಗೈ ಬೀಸಿದೆ. ವಿಂಚ್ ಗುರುಗುಟ್ಟಿತು. ಹಗ್ಗ ನೆಲದಿಂದೆದ್ದು ನೇರವಾಯಿತು. ಮುಷ್ಟಿ ಎತ್ತಿದೆ. ನಿಂತಿತು.

“ಅಕ್ಕ, ಬೆಲ್ಟ್ ತೆಗೀರಿ. ಎರಡು ಸೀಟಿನ ನಡುವೆ ಹಿಂದಕ್ಕೆ ಬನ್ನಿ. ನಿಧಾನ. ಈ ಕಡೆಗೇ ಒರಗಿ ಬನ್ನಿ.”

ಅವರನ್ನು ಅಕ್ಕ ಎಂದು ಯಾಕೆ ಕರೆದೆನೋ ಗೊತ್ತಿಲ್ಲ, ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದೆ. ಅವರು ಸೀಟು ಬಿಟ್ಟು ಏಳುವಾಗ ಗಾಡಿ ಒಮ್ಮೆ ಕಿರುಗುಟ್ಟಿ ಒಂದು ಬೆರಳಿನಷ್ಟು ಕುಸಿಯಿತು. ಹಗ್ಗ ಹಿಡಿಯಿತು. ಗಂಡ ಏನೋ ಕೂಗಿದರು, ಮಾತಲ್ಲ ಅದು. ಹೆಂಡತಿ ನಡುವಿನಲ್ಲೇ ನಿಂತು, “ಏನಿಲ್ಲ, ಏನಿಲ್ಲ” ಎಂದು ತಮಗೇ ಹೇಳಿಕೊಂಡು ಹಿಂದಿನ ಸೀಟಿಗೆ ಉರುಳಿದರು. ನಾನು ಎಡಗಡೆಯ ಹಿಂದಿನ ಬಾಗಿಲು ತೆರೆದು ಅವರ ತೋಳು ಹಿಡಿದೆಳೆದೆ. ಹೊರಬಂದವರು ನನ್ನ ಮೇಲೆ ಬಿದ್ದರು.

ಅರ್ಧ ಕೆಲಸ ಮುಗಿದಿತ್ತು. ಉಳಿದ ಅರ್ಧದಲ್ಲಿ ಒಂದು ತೊಡಕಿತ್ತು, ಅದನ್ನು ನಾನು ಮೊದಲೇ ಯೋಚಿಸಿರಲಿಲ್ಲ. ಗಾಡಿಯನ್ನು ಹಿಂದಕ್ಕೆ ಎಳೆಯಬೇಕೆಂದರೆ ಬ್ರೇಕ್ ಬಿಡಬೇಕು. ಚಕ್ರ ಕಟ್ಟಿದ್ದರೆ ವಿಂಚ್ ಗಾಡಿಯನ್ನು ಎಳೆಯುವ ಬದಲು ತನ್ನನ್ನೇ, ಅಂದರೆ ನನ್ನ ಗಾಡಿಯನ್ನೇ, ಕೆಳಗೆ ಎಳೆದುಕೊಳ್ಳುತ್ತದೆ.

“ಸರ್, ಹಗ್ಗ ಹಿಡಿದಿದೆ. ಈಗ ಬ್ರೇಕ್...”

“ಆ ಮಾತು ಹೇಳ್ಬೇಡಿ.”

“ಸರ್, ಈಗ ನಿಜವಾಗಿ...”

“ಹೇಳ್ಬೇಡಿ ಅಂದೆ! ಒಂದ್ಸಲ ಕೇಳಿದ್ದಾಯ್ತು. ಮೇಲೆ ವಿಂಚ್ ಹತ್ರ ಯಾರಿದಾರೆ? ಅವನೇ ತಾನೆ? ಅವನು ಹಗ್ಗ ಬಿಟ್ರೆ?”

ಬೆಳಗಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಚುಚ್ಚಿ ಚುಚ್ಚಿ ಕೊನೆಗೆ ಈ ಜಾಗಕ್ಕೆ ತಂದು ನಿಲ್ಲಿಸಿಕೊಂಡಿದ್ದರು: ಒಬ್ಬನ ಜೀವ ಇನ್ನೊಬ್ಬನ ಕೈಯಲ್ಲಿರುವ ಹಗ್ಗದ ತುದಿಯಲ್ಲಿ. ನಾನು ಮೇಲೆ ನೋಡಿದೆ. ಮುಂದಾಳು ವಿಂಚಿನ ಗುಂಡಿ ಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದರು. ಕೈಗವಸಿಲ್ಲದ ಬೆರಳುಗಳು ಕೆಂಪಾಗಿದ್ದವು. ಕಣ್ಣು ಮಿಟುಕಿಸುತ್ತಿರಲಿಲ್ಲ.

ಕಾಲಿನ ನಡುಕ ಈಗ ತೊಡೆಯವರೆಗೆ ಏರಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಕೇಳುವವರು ಹೇಳುವವರು ಯಾರೂ ಬೇಕಾಗುವುದಿಲ್ಲ, ಕಾಲು ತಾನೇ ಸೋಲುತ್ತದೆ.

ಆಗ ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿದರು. ಒಮಾನಿ ಅವರನ್ನು ಮೇಲೆ ಒಣ ಕಲ್ಲಿಗೆ ಕರೆದೊಯ್ಯಲು ಕೈ ನೀಡಿದ್ದ, ಅವರು ಅದನ್ನು ಗಮನಿಸಲೇ ಇಲ್ಲ. ಬಾಗಿಲ ಚೌಕಟ್ಟು ಹಿಡಿದು ಹಿಮದ ಮೇಲೆ ನಿಂತು ಒಳಗೆ ಬಗ್ಗಿದರು. ಗಾಡಿ ಹೋದರೆ ಅವರನ್ನೂ ಕೊಚ್ಚಿಕೊಂಡು ಹೋಗುವ ಜಾಗವದು. ನಾನು ಹಿಂದೆಳೆಯಲು ಹೋದೆ, ಮೊಣಕೈಯಿಂದ ತಳ್ಳಿದರು.

“ರೀ. ನನ್ನ ನೋಡಿ. ಬ್ರೇಕ್ ವಿಷ್ಯ ಬಿಟ್ಹಾಕಿ. ನಾನು ಹೇಳಿದ್ದಷ್ಟೇ ಕೇಳಿ. ಕಾಲು ನೋಯ್ತಿದ್ಯಾ?”

“ಹೂಂ.”

“ಹಾಗಾದ್ರೆ ಎತ್ತಿ. ಮೇಲಕ್ಕೆ ಎತ್ತಿ. ನಾನಿಲ್ಲೇ ನಿಂತಿದೀನಿ.”

ಅವರು ಹೆಂಡತಿಯ ಮುಖ ನೋಡಿದರು. ಕಾಲೆತ್ತಿದರು.

ಹಗ್ಗ ‘ಟಣ್’ ಎಂದಿತು. ಗಾಡಿ ಅಲುಗಲಿಲ್ಲ. ನಾನು ಅಂಗೈ ಬೀಸಿದೆ. ವಿಂಚ್ ಎಳೆಯಿತು. ಹಿಂದಿನ ಚಕ್ರ ಅಂಚಿನ ಕಲ್ಲಿಗೆ ಬಡಿದು, ನಿಂತು, ಮತ್ತೆ ಬಡಿದು, ಹಾದಿಯ ಮೇಲೆ ಹತ್ತಿತು. ಹೆಂಡತಿ ಬಾಗಿಲ ಚೌಕಟ್ಟು ಬಿಡದೆ ಗಾಡಿಯ ಜೊತೆಗೇ ಹಿಂದಕ್ಕೆ ಹೆಜ್ಜೆ ಹಾಕುತ್ತ ಬಂದರು. ಒಣ ಕಲ್ಲು ಸಿಕ್ಕಿದ ಮೇಲೆ ನಾನು ಮುಷ್ಟಿ ಎತ್ತಿದೆ. ಕೈ ಇಳಿಸಲು ನನಗೆ ನೆನಪಾಗಲಿಲ್ಲ. ಒಮಾನಿಯೇ ನನ್ನ ಮೊಣಕೈ ತಟ್ಟಿ ಕೇಳಿದ:

“ಖಲಾಸ್?”

“ಖಲಾಸ್” ಎಂದೆ.

“ತೋ ರಾಸ್ತಾ ದೋ.” ಹಾಗಾದರೆ ದಾರಿ ಕೊಡಿ ಎಂದು.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮುಂದಾಳಿನ ಗಾಡಿಯನ್ನೂ ಹಿಂದಕ್ಕೆ ತಂದು, ಮೇಲೆ ಬಿಸಿಲಿನ ಅಗಲ ಜಾಗದಲ್ಲಿ ಗಾಡಿಗಳನ್ನು ಬದಿಗೆ ಹಾಕಿ, ಪಿಕಪ್ ದಾಟಿ ಹೋದ ಮೇಲೆ, ಇಬ್ಬರೂ ಎದುರುಬದುರು ನಿಂತರು.

“ನಾ ಬಿಡಬ್ಯಾಡ್ರಿ ಅಂದೆ. ನಮ್ಮವ್ವನ ಆಣಿ.”

“ಸುಳ್ಳು. ಬಿಡಿ ಅಂದ್ರಿ. ನನ್ನ ಹೆಂಡ್ತಿನೂ ಕೇಳಿದಾಳೆ.”

ಹೆಂಡತಿ ನೆಲ ನೋಡುತ್ತ ತಲೆಯಾಡಿಸಿದರು. “ಬಿಡ ಅಂತಲೇ ಕೇಳಿಸ್ತು.”

“ತಂಗಿ, ನೀ ಬಾಜೂನ ಇದ್ದಿ. ಹೇಳು ಇವರಿಗೆ, ನಾ ಏನಂದೆ?”

“ಅಣ್ಣ ಬಿಡಬೇಡಿ ಅಂತಲೇ ಹೇಳಿದ್ರು” ಎಂದೆ. ಮುಂದಾಳಿನ ಮುಖ ಅರಳಿತು. “ಆದ್ರೆ ವಾಕಿಟಾಕಿಯಲ್ಲಿ ಬಂದದ್ದು ಬಿಡ ಅಂತ ಮಾತ್ರ. ಅದನ್ನೂ ನಾನು ಕೇಳಿದ್ದೇನೆ.”

ಇಬ್ಬರೂ ನನ್ನನ್ನು ನೋಡಿದ ರೀತಿ ಮರೆಯುವಂಥದ್ದಲ್ಲ. ಸತ್ಯ ಹೇಳಿ ಇಬ್ಬರಿಗೂ ಏಕಕಾಲಕ್ಕೆ ಬೇಡವಾದೆ.

“ಎರಡೂ ಹೇಂಗ ಖರೆ ಆಗ್ತಾವ?” ಎಂದರು ಮುಂದಾಳು.

“ನಿಮ್ಮವರನ್ನ ನೀವು ಬಿಟ್ಕೊಡಲ್ಲ, ಗೊತ್ತು” ಎಂದರು ಗಂಡ.

ಹಿಂದಿರುಗುವಾಗ ಹೆಂಡತಿ ನನ್ನ ಗಾಡಿಯಲ್ಲಿ ಕುಳಿತು ಬಂದರು. ಬೆಟ್ಟ ಇಳಿದು, ಚೆಕ್‌ಪೋಸ್ಟ್ ದಾಟಿ, ಬೆಚ್ಚಗಿನ ಗಾಳಿ ಬಂದಾಗ, “ಒಂದು ಕೇಳ್ತೀನಿ” ಎಂದರು. “ಅವರು ಕಾಲು ಎತ್ತದೇ ಇದ್ದಿದ್ರೆ?”

ಗೊತ್ತಿಲ್ಲ ಎಂದೆ. ಗೊತ್ತಿತ್ತು.

ಆಮೇಲೆ ನಮ್ಮ ಸಂಸ್ಥೆಯಲ್ಲಿ ಕೆಲವು ಬದಲಾವಣೆಗಳಾದವು. ಮಾಲೀಕರಿಗೆ ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಹೊಸ ವಾಕಿಟಾಕಿ ತರಿಸಿದರು, ಸಾಧನದ್ದೇ ದೋಷವೆಂದು ಅವರ ತೀರ್ಮಾನ. ನನ್ನದು ಬೇರೆ. ಈಗ ನನ್ನ ಸರದಿಯಲ್ಲಿ ಪ್ರತಿ ಪ್ರವಾಸದ ಮೊದಲು ಅತಿಥಿಗಳಿಗೆ ಹೇಳುತ್ತೇನೆ: ಹಾದಿಯಲ್ಲಿ ನಾವು ‘ಬೇಡ’ ಎನ್ನುವ ಮಾತು ಬಳಸುವುದಿಲ್ಲ. ‘ಹಿಡಿಯಿರಿ’, ‘ನಿಲ್ಲಿ’, ‘ಕಾಲೆತ್ತಿ’ ಇಷ್ಟೇ. ಅರ್ಧ ಕೇಳಿದರೂ ಕೆಡದಂಥ ಮಾತುಗಳು. ಕೆಲವರು ನಗುತ್ತಾರೆ. ನಗಲಿ. ರೂ‌ವಿಯ ಸಿಗ್ನಲ್ಲಿನಲ್ಲಿ ಮುಂದಿನ ಗಾಡಿಯ ಕೆಂಪು ದೀಪ ಆರಿದಾಗ ನನ್ನ ಬಲಗಾಲು ಇನ್ನೂ ತಾನಾಗಿ ಬ್ರೇಕಿಗೆ ಒತ್ತಿಕೊಳ್ಳುತ್ತದೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ.

ಮುಂದಾಳಿಗೆ ನನ್ನೊಂದಿಗೆ ಮೊದಲಿನ ಸಲಿಗೆ ಇಲ್ಲ. ತಂಗಿ ಎನ್ನುವುದನ್ನು ಬಿಟ್ಟು ಮೇಡಂ ಎನ್ನತೊಡಗಿದ್ದಾರೆ. ತಮ್ಮದು ತಪ್ಪಿಲ್ಲ ಎಂಬುದೇ ಈಗಲೂ ಅವರ ಮಾತು.

ಈ ಚಳಿಗಾಲ ಅದೇ ಹಾದಿಗೆ ಮತ್ತೆ ಹೋದೆವು. ಬೇರೆ ಅತಿಥಿಗಳು. ಮುಂದಾಳು ಎಂದಿನಂತೆ ಮುಂದೆ, ನಾನು ಹಿಂದೆ. ತಿರುವಿನ ಕಲ್ಲು ಈ ಸಲ ಒಣಗಿತ್ತು. ಮುಂದಾಳು ವಾಕಿಟಾಕಿಯಲ್ಲಿ, “ಎಲ್ಲಾರೂ ಒಂದೊಂದ ಆಗಿ ಬರ್ರಿ” ಎಂದರು. ಮಾತಿನ ಬಾಲ ಪೂರ್ತಿ ಬಂತು.

ಮಾತು ಮುಗಿದ ಮೇಲೂ ಅವರು ಬಟನ್ ಬಿಡಲಿಲ್ಲ. ನನ್ನ ಭುಜದ ಮೇಲಿನ ವಾಕಿಟಾಕಿಯಲ್ಲಿ ಆ ತಿರುವಿನ ಗಾಳಿ ಬೀಸುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.